ಕೇಳಿದ್ದನ್ನು ತಾಳೆ ನೋಡುವುದು: ಕೊಡಗಿನ ಸ್ಮರಣೆಯ ದಿನಗಳಿಂದ ಚರಿತ್ರೆ ಅರಿಯಲು ಒಂದು ಮಾರ್ಗದರ್ಶಿ

ಪ್ರತಿ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ದಂಗೆಯೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆಗೆ ಹೂಮಾಲೆ ಹಾಕುತ್ತಾರೆ. 1837ರ ಅದೇ ದಿನ ಕಂಪನಿ ಸರ್ಕಾರ ಅವರನ್ನು ಮಡಿಕೇರಿ ಕೋಟೆಯಲ್ಲಿ ಜನರ ಕಣ್ಣೆದುರೇ ಗಲ್ಲಿಗೇರಿಸಿತು. ಮರುದಿನ, ನವೆಂಬರ್ 1ರಂದು, ಅದೇ ಊರಿನಲ್ಲಿ ರಾಜ್ಯೋತ್ಸವದ ಧ್ವಜ ಏರುತ್ತದೆ. 1956ರ ಆ ದಿನ ಕೊಡಗು ತನ್ನ ಪ್ರತ್ಯೇಕ ರಾಜ್ಯದ ಸ್ಥಾನವನ್ನು ಬಿಟ್ಟು ಮೈಸೂರು ರಾಜ್ಯದಲ್ಲಿ ಸೇರಿತು. ಈ ಎರಡೂ ಸಮಾರಂಭಗಳಿಗೆ ತಪ್ಪದೆ ಹೋಗುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಭಾಷಣ ಮುಗಿದ ಮೇಲೆ, ಅಲ್ಲಿ ಕೇಳಿದ ಮಾತನ್ನು ಮನೆಗೆ ತಂದು, ಕೋಟೆಯ ಗೋಡೆಯ ಜೊತೆಗೆ, ಪೆಟ್ಟಿಗೆಯಲ್ಲಿರುವ ಹಳೆಯ ಕಾಗದದ ಜೊತೆಗೆ, ಮನೆಯ ಹಿರಿಯರ ನೆನಪಿನ ಜೊತೆಗೆ ಇಟ್ಟು ತಾಳೆ ನೋಡುವವರು ಕಡಿಮೆ. ಸಭೆಯಲ್ಲಿ ಕೇಳಿಸುವುದು ಸ್ಮರಣೆ. ಹೀಗೆ ತಾಳೆ ನೋಡಿದ ಮೇಲಷ್ಟೇ ಅದು ಚರಿತ್ರೆಯಾಗುತ್ತದೆ ಎಂಬುದು ನನ್ನ ನಂಬಿಕೆ. ಈ ಕೆಲಸವನ್ನು ಆಸಕ್ತಿಯುಳ್ಳ ಯಾರು ಬೇಕಾದರೂ, ಪದವಿಯಿರಲಿ ಬಿಡಲಿ, ಹೇಗೆ ಮಾಡಬಹುದೆಂದು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಒಂದು ದಿನವನ್ನು ಆರಿಸಿಕೊಳ್ಳಿ

ಕೊಡಗಿನ ಚರಿತ್ರೆಯನ್ನೆಲ್ಲ ಒಮ್ಮೆಗೇ ತಿಳಿಯಲು ಹೊರಟರೆ ಎಲ್ಲಿಯೂ ಮುಟ್ಟುವುದಿಲ್ಲ. ಒಂದು ವರ್ಷಕ್ಕೆ ಒಂದೇ ಸ್ಮರಣೆಯ ದಿನವನ್ನು ಆರಿಸಿಕೊಂಡು, ಅದರ ಸುತ್ತಲೇ ಓದು, ತಿರುಗಾಟ, ಮಾತುಕತೆ ಇಟ್ಟುಕೊಳ್ಳುವುದು ಒಳ್ಳೆಯದು. ಆಯ್ಕೆಗೆ ನಮ್ಮಲ್ಲಿ ಕೊರತೆಯಿಲ್ಲ. ಜನವರಿ 15 ಸೇನಾ ದಿನ. 1949ರಲ್ಲಿ ಆ ದಿನ ಕೆ. ಎಂ. ಕಾರ್ಯಪ್ಪನವರು ಬ್ರಿಟಿಷ್ ಅಧಿಕಾರಿಯ ಕೈಯಿಂದ ಭಾರತೀಯ ಸೇನೆಯ ಮುಖ್ಯಸ್ಥನ ಹೊಣೆಯನ್ನು ವಹಿಸಿಕೊಂಡರು. ಜನವರಿ 28ರಂದು ಅವರ ಜಯಂತಿ ನಡೆಯುತ್ತದೆ. ಜನವರಿ 30ರಂದು, ಜಿಲ್ಲಾ ಖಜಾನೆಯಲ್ಲಿ ಜೋಪಾನವಾಗಿಟ್ಟಿರುವ ಗಾಂಧೀಜಿಯವರ ಚಿತಾಭಸ್ಮವನ್ನು ಹೊರತಂದು ಮಡಿಕೇರಿಯ ಗಾಂಧಿ ಮಂಟಪದಲ್ಲಿ ಸರ್ವೋದಯ ದಿನವನ್ನು ಆಚರಿಸುವ ಪದ್ಧತಿಯಿದೆ. ಮಾರ್ಚ್ 31 ಜನರಲ್ ಕೆ. ಎಸ್. ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ ದಿನ. ಸೆಪ್ಟೆಂಬರ್ 7 ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರು 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಮರಳದೆ ಹೋದ ದಿನ.

ಇವೆಲ್ಲ ಸರ್ಕಾರದ, ಸಂಘಸಂಸ್ಥೆಗಳ ಆಚರಣೆಗಳು. ಇವುಗಳಷ್ಟೇ ಮುಖ್ಯವಾದವು ಮನೆಮನೆಯ ಮತ್ತು ನಾಡಿನ ಆಚರಣೆಗಳು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದಲ್ಲಿ ಕೋವಿ, ಒಡಿಕತ್ತಿಗಳಿಗೆ ಪೂಜೆ ನಡೆಯುತ್ತದೆ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯಲ್ಲಿ ತುಲಾ ಸಂಕ್ರಮಣ. ನವೆಂಬರ್ ಕೊನೆ ಅಥವಾ ಡಿಸೆಂಬರಿನಲ್ಲಿ ಸುಗ್ಗಿಯ ಹಬ್ಬವಾದ ಹುತ್ತರಿ. ಹುತ್ತರಿಯ ಕೋಲಾಟ ನಡೆಯುವ ಊರ ಬಯಲಾದ ಮಂದ್‌ನಲ್ಲಿ ನಿಂತು ದುಡಿಯ ಹಾಡನ್ನು ಗಮನವಿಟ್ಟು ಕೇಳಿದರೆ ಊರಿನ, ಒಕ್ಕದ (ಒಂದೇ ಮೂಲದ ಮನೆತನದ) ಹೆಸರುಗಳು ಎಷ್ಟೋ ಕಿವಿಗೆ ಬೀಳುತ್ತವೆ. ಇಂಥ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ ಬರೆದು, 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಹೊರತಂದರು. ನೂರು ವರ್ಷಗಳ ಹಿಂದೆ ಒಬ್ಬ ವ್ಯಕ್ತಿ ಮಾಡಿದ ಕೆಲಸವೂ ಮೂಲತಃ ಇದೇ: ಕೇಳುವುದು, ಬರೆದುಕೊಳ್ಳುವುದು, ಊರಿಗೆ ಹಿಂದಿರುಗಿಸುವುದು.

ಕಾರ್ಯಕ್ರಮ ಎಲ್ಲಿ, ಎಷ್ಟು ಗಂಟೆಗೆ ಎಂಬುದು 1957ರಿಂದ ಮಡಿಕೇರಿಯಿಂದ ಹೊರಡುತ್ತಿರುವ ‘ಶಕ್ತಿ’ಯಂಥ ಸ್ಥಳೀಯ ದಿನಪತ್ರಿಕೆಗಳಲ್ಲಿ, ಮಡಿಕೇರಿ ಆಕಾಶವಾಣಿಯಲ್ಲಿ, ಊರಿನ ವಾಟ್ಸಾಪ್ ಗುಂಪುಗಳಲ್ಲಿ ತಿಳಿಯುತ್ತದೆ. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ, ಕನ್ನಡ ಸಾಹಿತ್ಯ ಪರಿಷತ್ತಿನ ಘಟಕಗಳು, ಕೊಡವ ಸಮಾಜಗಳು, ಗೌಡ ಸಮಾಜಗಳು ಏರ್ಪಡಿಸುವ ಉಪನ್ಯಾಸಗಳಿಗೆ ಸಾಮಾನ್ಯವಾಗಿ ಎಲ್ಲರಿಗೂ ಪ್ರವೇಶವಿರುತ್ತದೆ. ಸಂಶಯವಿದ್ದರೆ ಹಿಂದಿನ ದಿನ ಒಂದು ಫೋನ್ ಕರೆ ಸಾಕು.

ಎರಡನೆಯ ಹೆಜ್ಜೆ: ಹೋಗುವ ಮುನ್ನ ಒಂದು ವಾರ

ಬರಿಗೈಯಲ್ಲಿ ಸಭೆಗೆ ಹೋದವರು ಬರಿಗೈಯಲ್ಲೇ ಮರಳುತ್ತಾರೆ. ಸಿದ್ಧತೆ ಎಂದರೆ ಏನೆಂದು ತೋರಿಸಲು ಅಪ್ಪಯ್ಯ ಗೌಡರ ದಿನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಒಂದೇ ಘಟನೆಯನ್ನು ಎಷ್ಟು ಕಡೆಯಿಂದ ನೋಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಜಿಲ್ಲೆಯಲ್ಲಿ ಇಲ್ಲ.

1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಮಡಿಕೇರಿಯನ್ನು ಹಿಡಿಯಿತು. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಪದಚ್ಯುತನಾಗಿ ಕಾಶಿಗೆ ಹೋದ. ಮೇ 7ರಂದು ಹೊರಟ ಘೋಷಣೆಯು, ಕೊಡಗಿನ ಜನರೆಲ್ಲರೂ ಒಮ್ಮತದಿಂದ ಕಂಪನಿಯ ಆಶ್ರಯವನ್ನು ಬಯಸಿದ್ದಾರೆ ಎಂದು ಹೇಳಿ ನಾಡನ್ನು ವಶಕ್ಕೆ ತೆಗೆದುಕೊಂಡಿತು. ಅದಾದ ಮೇಲೆ ಘಟ್ಟದ ಕೆಳಗಿನ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸರ ಕಾಲದಲ್ಲಿ ಬೆಳೆದ ಬೆಳೆಯ ರೂಪದಲ್ಲಿ ಕೊಡಬಹುದಾಗಿದ್ದ ಕಂದಾಯವನ್ನು ಈಗ ನಗದಿನಲ್ಲೇ ಕಟ್ಟಬೇಕಾಯಿತು. ಕೈಯಲ್ಲಿ ನಾಣ್ಯವಿಲ್ಲದ ರೈತ ಸಾಲಗಾರನಾದ. ಮೂರೇ ವರ್ಷಗಳಲ್ಲಿ, 1837ರಲ್ಲಿ, ಆ ಸೀಮೆ ಸಿಡಿದೆದ್ದಿತು. ಕೆದಂಬಾಡಿ ರಾಮಯ್ಯ ಗೌಡರು, ಕಲ್ಯಾಣಸ್ವಾಮಿ (ಜನರ ಬಾಯಲ್ಲಿ ಕಲ್ಯಾಣಪ್ಪ) ಎಂಬ ಹೆಸರಿನಲ್ಲಿ ಮುಂದೆ ನಿಂತವರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮುಂತಾದವರ ನೇತೃತ್ವದ ದಂಡು ಏಪ್ರಿಲಿನಲ್ಲಿ ಮಂಗಳೂರನ್ನು ಹಿಡಿದು, ಈಗಿನ ಬಾವುಟಗುಡ್ಡದಲ್ಲಿ ತನ್ನ ಬಾವುಟವನ್ನು ಏರಿಸಿತು. ದಂಗೆ ಅಡಗಿದ ಮೇಲೆ ಕಂಪನಿ ಹಲವರನ್ನು ನೇಣಿಗೇರಿಸಿತು. ಅದೇ ಕಂಪನಿ, ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕನ್ನಡ ಮತ್ತು ಇಂಗ್ಲಿಷ್ ಬರಹಗಳಿರುವ ಪದಕಗಳನ್ನೂ ಕೊಟ್ಟಿತು.

ಇಷ್ಟು ತಿಳಿದು ಸಭೆಗೆ ಹೋದರೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಎಲ್ಲರೂ ಒಮ್ಮತದಿಂದ ಬಯಸಿದ ಸರ್ಕಾರದ ವಿರುದ್ಧ ಮೂರು ವರ್ಷಗಳಲ್ಲೇ ಜನ ಏಕೆ ಎದ್ದರು? ಒಮ್ಮತ ಎಂದು ಬರೆದವರು ಯಾರನ್ನು ಕೇಳಿ ಬರೆದರು? ಒಂದು ಮನೆಯವರು ನೇಣಿಗೆ ಹೋದಾಗ ಇನ್ನೊಂದು ಮನೆಯವರು ಪದಕ ಪಡೆದರೆ, ಆ ಎರಡು ಮನೆಗಳ ಮೊಮ್ಮಕ್ಕಳು ಈ ದಿನವನ್ನು ಹೇಗೆ ನೆನೆಯುತ್ತಾರೆ? ಘಟನೆಯ ಹೆಸರನ್ನೇ ನೋಡಿ: ಕೆಳಗಿನ ಸೀಮೆಯಲ್ಲಿ ಹಿಂದೆ ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುತ್ತಿದ್ದರು, ಎಂದರೆ ಲೂಟಿಯ ಕಾಲ, ಬ್ರಿಟಿಷ್ ಬರಹಗಳಲ್ಲಿ ಅದು ಬರಿಯ ಬಂಡಾಯ, ಇಂದು ನಮಗೆ ಅದು 1857ಕ್ಕಿಂತ ಇಪ್ಪತ್ತು ವರ್ಷ ಮೊದಲಿನ ಸ್ವಾತಂತ್ರ್ಯ ಸಂಗ್ರಾಮ. ಹೆಸರು ಬದಲಾದ ಬಗೆಯೇ ಒಂದು ಚರಿತ್ರೆ.

ನೀವು ಆರಿಸಿದ ದಿನ ಯಾವುದಾದರೂ ಇರಲಿ, ಇದೇ ರೀತಿ ಒಂದು ಪುಟದಲ್ಲಿ ಮುಖ್ಯ ಇಸವಿಗಳು, ಸ್ಥಳಗಳು, ವ್ಯಕ್ತಿಗಳನ್ನು ಬರೆದುಕೊಳ್ಳಿ. ಕೆಳಗೆ ಮೂರು ಪ್ರಶ್ನೆ ಬರೆಯಿರಿ. ಮೂರಕ್ಕಿಂತ ಹೆಚ್ಚು ಬೇಡ.

ಮೂರನೆಯ ಹೆಜ್ಜೆ: ಸಭೆಯಲ್ಲಿ ಕುಳಿತಾಗ

ಎಡಪುಟವನ್ನು ಭಾಷಣಕಾರರು ಹೇಳಿದ್ದಕ್ಕೆ, ಬಲಪುಟವನ್ನು ನಿಮ್ಮ ಸಂದೇಹಗಳಿಗೆ ಮೀಸಲಿಡಿ. ಹೇಳಿದವರ ಹೆಸರು, ದಿನಾಂಕ, ಸ್ಥಳ ಮೊದಲ ಸಾಲಿನಲ್ಲೇ ಇರಲಿ. ಈ ಚಿಕ್ಕ ವಿಷಯವನ್ನು ಒತ್ತಿ ಹೇಳಲು ಕಾರಣವಿದೆ. ಬಹಳ ಹಿಂದೆ ನಾನು ಒಂದು ಉಪನ್ಯಾಸದಲ್ಲಿ ಬಹು ಉಪಯುಕ್ತವಾದ ಸಂಗತಿಯೊಂದನ್ನು ಬರೆದುಕೊಂಡಿದ್ದೆ. ಯಾರು ಹೇಳಿದರು ಎಂದು ಬರೆಯಲಿಲ್ಲ. ವರ್ಷಗಳ ನಂತರ ಅದನ್ನು ಎಲ್ಲಿಯಾದರೂ ಬಳಸಬೇಕೆಂದಾಗ ಅದರ ಮೂಲ ಹುಡುಕಲು ದಾರಿಯೇ ಉಳಿದಿರಲಿಲ್ಲ, ಆ ಪುಟವನ್ನು ಹಾಗೆಯೇ ಕೈಬಿಡಬೇಕಾಯಿತು.

ಕೇಳುವಾಗ ಮೂರು ಬಗೆಯ ಮಾತುಗಳನ್ನು ಬೇರೆ ಮಾಡಿ ಗುರುತಿಸಿ. ‘ದಾಖಲೆಯಲ್ಲಿದೆ’ ಎಂದು ಹೇಳಿದರೆ ಯಾವ ದಾಖಲೆ ಎಂದು ಬರೆಯಿರಿ. ‘ಹಿರಿಯರು ಹೇಳುತ್ತಿದ್ದರು’ ಎಂದರೆ ಯಾವ ಊರಿನ, ಯಾವ ಮನೆಯ ಹಿರಿಯರು ಎಂದು ಬರೆಯಿರಿ. ಮೂರನೆಯದು ಭಾಷಣಕಾರರ ಸ್ವಂತ ಅಭಿಪ್ರಾಯ, ಅದಕ್ಕೂ ಬೆಲೆಯಿದೆ, ಆದರೆ ಅದನ್ನು ಅಭಿಪ್ರಾಯ ಎಂದೇ ಗುರುತು ಮಾಡಿ. ಪ್ರಶ್ನೆ ಕೇಳಲು ಅವಕಾಶ ಕೊಟ್ಟಾಗ ನಿಂತು ಭಾಷಣ ಮಾಡದೆ, ಒಂದು ವಾಕ್ಯದಲ್ಲಿ ಕೇಳಿ. ‘ಈ ಸಂಗತಿ ನಿಮಗೆ ಎಲ್ಲಿ ಸಿಕ್ಕಿತು, ನಾವೂ ನೋಡಬಹುದೇ?’ ಎಂಬ ಪ್ರಶ್ನೆಯನ್ನು ಯಾವ ವಿದ್ವಾಂಸರೂ ತಪ್ಪು ತಿಳಿಯುವುದಿಲ್ಲ, ಹೆಚ್ಚಿನವರು ಸಂತೋಷಪಡುತ್ತಾರೆ. ಸ್ಮರಣೆಯ ಸಭೆಯಲ್ಲಿ ಹುತಾತ್ಮರ ಮನೆಯವರು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ ಎಂಬುದನ್ನು ಮರೆಯಬಾರದು. ಅವರ ಮುಂದೆ ತರ್ಕ ಮಾಡುವ ವಿಷಯವನ್ನು ಸಭೆ ಮುಗಿದ ಮೇಲೆ ಕಾಫಿ ಕುಡಿಯುವಾಗ ಮೆಲ್ಲಗೆ ಕೇಳುವುದು ಸೌಜನ್ಯ. ನನ್ನ ಅನುಭವದಲ್ಲಿ ಅತ್ಯಂತ ಬೆಲೆಯುಳ್ಳ ಮಾತುಗಳು ಸಿಕ್ಕಿರುವುದು ಆ ಕಾಫಿಯ ಹೊತ್ತಿನಲ್ಲೇ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದ ಹಿರಿಯರೊಬ್ಬರು ಬಳಿಗೆ ಬಂದು ‘ಅವರು ಹೇಳಿದ್ದು ಸರಿ, ಆದರೆ ನಮ್ಮ ಊರಿನಲ್ಲಿ ನಡೆದದ್ದು ಬೇರೆ’ ಎಂದು ಆರಂಭಿಸುತ್ತಾರೆ. ಅವರ ಊರು, ಫೋನ್ ನಂಬರ್ ಕೇಳಿ ಬರೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಸ್ಥಳಕ್ಕೆ ಹೋಗಿ ನೋಡಿ

ಕೇಳಿದ ವಾರದೊಳಗೆ ಸ್ಥಳಕ್ಕೆ ಹೋಗಬೇಕು; ತಡವಾದರೆ ಮಾತು ಮಸುಕಾಗುತ್ತದೆ. ಮಡಿಕೇರಿ ಕೋಟೆಯೊಂದನ್ನೇ ಸಾವಧಾನವಾಗಿ ಸುತ್ತಿದರೆ ಮುನ್ನೂರು ವರ್ಷಗಳು ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಮುದ್ದುರಾಜ 1681ರಲ್ಲಿ ಇಲ್ಲಿಗೆ ರಾಜಧಾನಿಯನ್ನು ತಂದ. ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನ ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಈಗಿರುವ ಅರಮನೆಯನ್ನು 1812ರಿಂದ 1814ರ ಅವಧಿಯಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ. ಬ್ರಿಟಿಷರು ಒಳಗೊಂದು ಇಗರ್ಜಿ ಕಟ್ಟಿದರು, ಆ ಕಟ್ಟಡವೇ ಮುಂದೆ ಸರ್ಕಾರಿ ವಸ್ತುಸಂಗ್ರಹಾಲಯವಾಯಿತು. ಲಿಂಗರಾಜೇಂದ್ರನೇ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯ, ಅರಸರ ಸಮಾಧಿಗಳಾದ ಗದ್ದುಗೆಗಳು, ಕಕ್ಕಬ್ಬೆ ಬಳಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡವೀರರಾಜೇಂದ್ರ 1792ರಿಂದ 1794ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ, ಇವನ್ನು ಇದೇ ಕ್ರಮದಲ್ಲಿ ನೋಡಿದರೆ ಅರಸು ಮನೆತನದ ಏಳುಬೀಳು ಕಾಲಿಗೆ ತಿಳಿಯುತ್ತದೆ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಅರಸ ತನ್ನ ಅರಮನೆಯನ್ನು ಅಷ್ಟು ದೂರದ ಕಾಡಿನ ಮಡಿಲಲ್ಲಿ ಏಕೆ ಕಟ್ಟಿದ ಎಂಬುದನ್ನು ಆ ದಾರಿಯಲ್ಲಿ ಹತ್ತಿ ಹೋದವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.

ಸೈನಿಕ ಸ್ಮರಣೆಯನ್ನು ಆರಿಸಿಕೊಂಡವರು, ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ನಲ್ಲಿ 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಕೊಡಬೇಕು. ಮಡಿಕೇರಿಯಲ್ಲಿ ಬೆಳೆದ ಒಬ್ಬ ಹುಡುಗ 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷನಾಗಿ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥನಾಗಿ, ಕೊನೆಗೆ 1965ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕನಾಗಿ ಸೈಪ್ರಸ್ಸಿನಲ್ಲಿ ಕಣ್ಣುಮುಚ್ಚಿದ ಕಥೆಯಲ್ಲಿ ಊರು, ದೇಶ, ಜಗತ್ತು ಮೂರೂ ಇವೆ. ದೇವಯ್ಯನವರ ಪ್ರತಿಮೆಯ ಮುಂದೆ ನಿಂತಾಗ ಇನ್ನೊಂದು ಸಂಗತಿಯನ್ನು ಮಕ್ಕಳಿಗೆ ಹೇಳಿ: 1965ರಲ್ಲಿ ಅವರು ತಮ್ಮ ಹಳೆಯ ಮಿಸ್ಟಿಯರ್ ವಿಮಾನದಿಂದ ಶತ್ರುವಿನ ಹೊಸ ಸ್ಟಾರ್‌ಫೈಟರನ್ನು ಕೆಡವಿದ್ದು ನಮ್ಮವರಿಗೆ ಅನೇಕ ವರ್ಷ ತಿಳಿದಿರಲೇ ಇಲ್ಲ. ವಿದೇಶಿ ಲೇಖಕರೊಬ್ಬರು ಪಾಕಿಸ್ತಾನದ ಕಡೆಯಿಂದ ಬರೆದ ವಿವರದಿಂದ ಅದು ಬೆಳಕಿಗೆ ಬಂದು, ಮಹಾವೀರ ಚಕ್ರ 1988ರಲ್ಲಿ ಮರಣೋತ್ತರವಾಗಿ ಬಂದಿತು. ಎದುರು ಪಕ್ಷದ ದಾಖಲೆಯನ್ನೂ ಓದಬೇಕೆನ್ನುವುದಕ್ಕೆ ಇದಕ್ಕಿಂತ ಗಟ್ಟಿಯಾದ ನಿದರ್ಶನ ಬೇಕಿಲ್ಲ.

ಉತ್ತರ ಕೊಡಗಿನವರು ಶನಿವಾರಸಂತೆಯ ಕಡೆಗೆ ಹೋಗಿ. ಕಾರ್ಯಪ್ಪನವರು ಹುಟ್ಟಿದ ಆ ಊರಿನಿಂದ ಅನತಿ ದೂರದ ಮುಳ್ಳೂರಿನಲ್ಲಿ ಕೊಂಗಾಳ್ವ ಅರಸರ ಕಾಲದ ಬಸದಿಗಳಿವೆ, 1058ರ ಶಾಸನವಿದೆ. ಕೊಡಗಿನ ಚರಿತ್ರೆ ಹಾಲೇರಿ ಅರಸರಿಂದ ಆರಂಭವಾಗುವುದಿಲ್ಲ ಎಂಬುದು ಅಲ್ಲಿ ನಿಂತಾಗ ಮನಸ್ಸಿಗೆ ಇಳಿಯುತ್ತದೆ. ಶಾಸನದ ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಹಚ್ಚಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಅಕ್ಷರಗಳು ತಾವೇ ಎದ್ದು ಕಾಣುತ್ತವೆ.

ಐದನೆಯ ಹೆಜ್ಜೆ: ಹಿರಿಯರ ಬಳಿ ಕುಳಿತುಕೊಳ್ಳುವುದು

ಈ ಕೆಲಸದ ಹೃದಯ ಇದೇ. ಕಾಲದ ಆಯ್ಕೆಯಿಂದ ಆರಂಭಿಸೋಣ. ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು, ಕಣ, ಒಣಗಿಸುವ ಕೆಲಸದಲ್ಲಿ ಮನೆಯವರಿಗೆ ಬಿಡುವಿರುವುದಿಲ್ಲ; ಜುಲೈ, ಆಗಸ್ಟ್‌ನಲ್ಲಿ ನಾಟಿ ಮತ್ತು ಮಳೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರ ಊರಿನ ಮಕ್ಕಳು, ಮೊಮ್ಮಕ್ಕಳು ಮನೆಗೆ ಬಂದಿರುತ್ತಾರೆ, ಊರಹಬ್ಬಗಳಿರುತ್ತವೆ, ಹಿರಿಯರೂ ಮಾತಿಗೆ ಸಿಗುತ್ತಾರೆ. ಮದುವೆಯ ಮುಹೂರ್ತಗಳನ್ನು ಮಾತ್ರ ಮೊದಲೇ ನೋಡಿಕೊಳ್ಳಿ.

ಐನ್‌ಮನೆಗೆ, ಎಂದರೆ ಒಕ್ಕದ ಮೂಲಮನೆಗೆ, ಹೋಗುವುದಾದರೆ ಒಕ್ಕದ ಹಿರಿಯ ಮುಖ್ಯಸ್ಥರಾದ ಪಟ್ಟೆದಾರರಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಚಪ್ಪಲಿ ಹೊರಗೆ ಬಿಟ್ಟು, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ ಕೈಮುಗಿದು ಕುಳಿತುಕೊಳ್ಳಿ. ಪೂರ್ವಜರ ಗುಡಿಯಾದ ಕೈಮಡದ ಫೋಟೋವನ್ನು ಕೇಳದೆ ತೆಗೆಯಬಾರದು. ಐನ್‌ಮನೆ ಎಂದ ಕೂಡಲೆ ಕೊಡವರ ಮನೆ ಎಂದಷ್ಟೇ ತಿಳಿಯಬಾರದು. ಅರೆಭಾಷೆ ಗೌಡರಲ್ಲಿಯೂ ಜಮ್ಮಾ (ವಂಶಪಾರಂಪರ್ಯದ) ಭೂಮಿಯುಳ್ಳ ಮಾಪಿಳ್ಳೆ ಮುಸ್ಲಿಮರಲ್ಲಿಯೂ ಹಳೆಯ ಮನೆತನದ ಮನೆಗಳಿವೆ. ವಿರಾಜಪೇಟೆಯಲ್ಲಿ 1792ರಿಂದ ನೆಲೆನಿಂತ ಕ್ರೈಸ್ತ ಕುಟುಂಬಗಳಲ್ಲಿ, ಸೋಮವಾರಪೇಟೆಯ ಲಿಂಗಾಯತ ಮಠಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ಮೂರು ತಲೆಮಾರಿನಿಂದ ದುಡಿದವರಲ್ಲಿ ಇದೇ ನಾಡಿನ ಬೇರೆ ಬೇರೆ ನೆನಪುಗಳಿವೆ.

ಯರವರ, ಜೇನುಕುರುಬರ, ಬೆಟ್ಟಕುರುಬರಂಥ ಆದಿವಾಸಿಗಳ ವಸತಿಗಳಾದ ಹಾಡಿಗಳಿಗೆ ಹೋಗುವಾಗ ಇನ್ನಷ್ಟು ಜವಾಬ್ದಾರಿ ಬೇಕು. ಸರ್ಕಾರದ ಕಡತಗಳಲ್ಲಿ ಇವರ ಹೆಸರುಗಳಿಗಿಂತ ಇವರ ದುಡಿಮೆಯ ಲೆಕ್ಕವೇ ಹೆಚ್ಚು. 1976ರ ಕಾಯಿದೆ ಜೀತವನ್ನು ರದ್ದುಮಾಡಿತು ಎಂಬುದು ರಾಷ್ಟ್ರದ ಚರಿತ್ರೆ; ಆ ಕಾಯಿದೆ ಈ ಹಾಡಿಗೆ ಯಾವಾಗ, ಯಾರ ಮೂಲಕ ತಲುಪಿತು ಎಂಬುದು ಇಲ್ಲಿನ ಹಿರಿಯರಿಗೆ ಮಾತ್ರ ಗೊತ್ತಿರುವ ಚರಿತ್ರೆ. ನಾಗರಹೊಳೆಯ ಕಾಡಿನಿಂದ ಹೊರಬಂದ ಕುಟುಂಬಗಳ ನೆನಪೂ ಹಾಗೆಯೇ. ಹಾಡಿಯ ಯಜಮಾನರ ಒಪ್ಪಿಗೆ ಪಡೆದು, ಅವರ ಭಾಷೆ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಒಂದು ದಿನದ ಕೂಲಿ ನಮ್ಮಿಂದ ತಪ್ಪಿಹೋಗದಂತೆ ಸಂಜೆಯ ಹೊತ್ತು ಅಥವಾ ರಜೆಯ ದಿನ ಮಾತಾಡಿಸಬೇಕು.

ಕೇಳುವ ರೀತಿಯ ಬಗ್ಗೆ ಒಂದು ಮಾತು. ‘ಸ್ವಾತಂತ್ರ್ಯ ಹೋರಾಟದ ಬಗ್ಗೆ ಹೇಳಿ ಅಜ್ಜ’ ಎಂದರೆ, ಅವರು ಶಾಲೆಯ ಪುಸ್ತಕದಲ್ಲಿರುವುದನ್ನೇ ಹೇಳುತ್ತಾರೆ. ‘ಗಾಂಧೀಜಿ ಕೊಡಗಿಗೆ ಬಂದಾಗ ನಿಮ್ಮ ಮನೆಯಿಂದ ಯಾರಾದರೂ ನೋಡಲು ಹೋಗಿದ್ದರಂತೆಯೇ? ನಡೆದು ಹೋದರೋ, ಗಾಡಿಯಲ್ಲೋ?’ ಎಂದು ಕೇಳಿದರೆ ಮನೆಯ ಮಾತು ಬಿಚ್ಚಿಕೊಳ್ಳುತ್ತದೆ. ಗಾಂಧೀಜಿ 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯ ಭಾಗವಾಗಿ ಕೊಡಗಿಗೆ ಬಂದಿದ್ದರು. ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದಾಗ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಒಪ್ಪಿಸಿದ ಕಥೆಗಾರ್ತಿ ಕೊಡಗಿನ ಗೌರಮ್ಮನವರಿಗೆ ಆಗ ಇಪ್ಪತ್ತೆರಡರ ಆಸುಪಾಸು. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಈ ಪ್ರಸಂಗವನ್ನು ನಾನು ಹಿರಿಯ ಹೆಂಗಸರ ಮುಂದೆ ಹೇಳಿದಾಗಲೆಲ್ಲ, ಅವರ ತಾಯಿ, ಅಜ್ಜಿಯರ ಒಡವೆಯ, ಖಾದಿಯ, ಉಪವಾಸದ ನೆನಪುಗಳು ಹೊರಬಂದಿವೆ. ಗಂಡಸರನ್ನಷ್ಟೇ ಜಗಲಿಯಲ್ಲಿ ಕೂರಿಸಿ ಕೇಳಿದರೆ ಅರ್ಧ ಚರಿತ್ರೆ ಅಡುಗೆಮನೆಯಲ್ಲೇ ಉಳಿಯುತ್ತದೆ.

ಹಿರಿಯರು ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ), ಅರೆಭಾಷೆಯಲ್ಲಿ, ತುಳುವಿನಲ್ಲಿ, ಯಾವ ಭಾಷೆಯಲ್ಲಿ ಹೇಳುತ್ತಾರೋ ಅದರಲ್ಲೇ ಧ್ವನಿಮುದ್ರಿಸಿ. ಕನ್ನಡಕ್ಕೆ ಆಮೇಲೆ ತರಬಹುದು. ಮುದ್ರಿಸುವ ಮುನ್ನ ಒಪ್ಪಿಗೆ ಕೇಳಿ, ಆ ಒಪ್ಪಿಗೆಯ ಮಾತನ್ನೂ ಮುದ್ರಿಸಿಕೊಳ್ಳಿ. ಫೋನನ್ನು ಕರೆ ಬರದಂತೆ ಏರೋಪ್ಲೇನ್ ಮೋಡಿನಲ್ಲಿಟ್ಟು, ಮಳೆಯ ಸದ್ದಿರುವ ಹಂಚಿನ ಅಂಚಿನಿಂದ ಒಳಗೆ ಸರಿದು ಕುಳಿತುಕೊಳ್ಳಿ. ಒಂದು ಗಂಟೆ ಮೀರಬೇಡಿ. ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ಏಳಿ, ಮತ್ತು ನಿಜವಾಗಿಯೂ ಇನ್ನೊಮ್ಮೆ ಹೋಗಿ. ಮೊದಲ ಸಲ ಮರೆತದ್ದನ್ನು ಅವರು ಅಷ್ಟರಲ್ಲಿ ನೆನಪು ಮಾಡಿಕೊಂಡು ಕಾಯುತ್ತಿರುತ್ತಾರೆ.

ಆರನೆಯ ಹೆಜ್ಜೆ: ಕಾಗದ, ಓಲೆ, ತಾರೀಖು

ಮಾತಿನ ನಡುವೆ ‘ಪೆಟ್ಟಿಗೆಯಲ್ಲಿ ಏನೋ ಹಳೆಯ ಕಾಗದ ಇದೆ’ ಎಂಬ ಸೊಲ್ಲು ಬಂದೇ ಬರುತ್ತದೆ. ಅರಸರ ಕಾಲದ ಸನ್ನದುಗಳು, ಜಮ್ಮಾ ಭೂಮಿಯ ಕಾಗದಗಳು, ಕಂದಾಯದ ರಸೀದಿಗಳು, ಸೈನ್ಯದಿಂದ ಬಂದ ಪತ್ರಗಳು, ಪಿಂಚಣಿ ಪುಸ್ತಕಗಳು, ಪದಕಗಳು, ಎಲ್ಲವೂ ಆಧಾರಗಳೇ. ಅವನ್ನು ಮನೆಯಿಂದ ಹೊರಗೆ ಒಯ್ಯುವ ಮಾತನ್ನೇ ಆಡಬೇಡಿ. ಕಿಟಕಿಯ ಬೆಳಕಿನಲ್ಲಿ ಬಿಳಿ ಬಟ್ಟೆಯ ಮೇಲೆ ಹರಡಿ, ಫ್ಲ್ಯಾಶ್ ಇಲ್ಲದೆ, ಹಿಂದೆ ಮುಂದೆ ಎರಡೂ ಬದಿ ಫೋಟೋ ತೆಗೆದು, ಅಲ್ಲೇ ಮರಳಿ ಇಡಿಸಿ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ; ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಇನ್ನೂ ಬೇಗ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಎತ್ತರದಲ್ಲಿಟ್ಟು, ಮಳೆ ನಿಂತ ಮೇಲೆ ನೆರಳಿನಲ್ಲಿ ಗಾಳಿಯಾಡಿಸುವಂತೆ ಹೇಳಿ. ಲ್ಯಾಮಿನೇಷನ್ ಬೇಡವೇ ಬೇಡ, ಅದನ್ನು ಬಿಡಿಸಲು ಆಗುವುದಿಲ್ಲ. ತಾಳೆಯೋಲೆಗೆ ಸ್ವತಃ ಎಣ್ಣೆ ಹಚ್ಚಬೇಡಿ.

ತಾರೀಖಿನ ಲೆಕ್ಕವನ್ನು ಎಲ್ಲರೂ ಕಲಿಯಬೇಕು, ಅದು ಕಷ್ಟವಲ್ಲ. ಶಾಲಿವಾಹನ ಶಕಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಶಕ 1759 ಎಂದರೆ 1837. ಯುಗಾದಿಗಿಂತ ಮುಂಚಿನ ಜನವರಿ, ಫೆಬ್ರವರಿಯ ದಿನವಾದರೆ 79 ಕೂಡಿಸಬೇಕು. ಸಂವತ್ಸರದ ಹೆಸರು ಮಾತ್ರ ಇದ್ದರೆ ಜಾಗ್ರತೆ ಬೇಕು, ಏಕೆಂದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. 1837 ಹೇವಿಳಂಬಿ, 1897, 1957, 2017 ಕೂಡ ಹೇವಿಳಂಬಿಯೇ. ‘ಹೇವಿಳಂಬಿಯಲ್ಲಿ ನಮ್ಮ ಮನೆ ಸುಟ್ಟಿತು’ ಎಂದು ಮನೆಯಲ್ಲಿ ಮಾತಿದ್ದರೆ ಅದನ್ನು ಅಮರ ಸುಳ್ಯದ ದಂಗೆಗೆ ಗಂಟುಹಾಕುವ ಮೊದಲು, ಹೇಳುವವರ ಎಷ್ಟನೆಯ ತಲೆಮಾರಿನಲ್ಲಿ ಅದು ನಡೆಯಿತು ಎಂದು ಎಣಿಸಿ ನೋಡಿ.

ಮುದ್ರಿತ ಆಧಾರಗಳಲ್ಲಿ ಕೊಡಗಿನ ಶಾಸನಗಳ ಸಂಪುಟವೇ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಮಾಲೆಯಲ್ಲಿ ಮೊದಲನೆಯದು, ಬಿ. ಎಲ್. ರೈಸ್ ಅವರು 1886ರಲ್ಲಿ ತಂದದ್ದು. ದೊಡ್ಡವೀರರಾಜೇಂದ್ರ ಬರೆಸಿದ ‘ರಾಜೇಂದ್ರನಾಮೆ’ ಅರಸು ಮನೆತನದ ಚರಿತ್ರೆಯನ್ನು ಹೇಳುತ್ತದೆ. ಹೆಚ್ಚಿನ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು; ಗುರುತಿನ ಚೀಟಿ ಮತ್ತು ಯಾವ ಅವಧಿಯ ಯಾವ ವಿಷಯ ಬೇಕೆಂಬ ಸ್ಪಷ್ಟ ಬರಹ ಜೊತೆಗಿರಲಿ.

ಏಳನೆಯ ಹೆಜ್ಜೆ: ಮಾತುಗಳು ಹೊಂದದಿದ್ದಾಗ

ಹೊಂದದಿರುವುದೇ ಸಹಜ. ಟಿಪ್ಪುವಿನ ಕಾಲದ ವಿಷಯ ಬಂದರೆ ಕೊಡಗಿನಲ್ಲಿ ಧ್ವನಿ ಏರುತ್ತದೆ, ಮತ್ತು ಆ ನೋವು ಮನೆಮನೆಗಳಲ್ಲಿ ಇಂದಿಗೂ ನಿಜವಾದದ್ದು. ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರ ಸಂಖ್ಯೆ ಒಂದೊಂದು ಬರಹದಲ್ಲಿ ಒಂದೊಂದು. ಆಗ ಮಾಡಬೇಕಾದದ್ದು, ನಮಗೆ ಒಪ್ಪುವ ಸಂಖ್ಯೆಯನ್ನು ಆರಿಸುವುದಲ್ಲ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಯಾರು ಬರೆದರು, ಘಟನೆಯಾದ ಎಷ್ಟು ವರ್ಷಗಳ ನಂತರ ಬರೆದರು, ಯಾರ ಆಶ್ರಯದಲ್ಲಿದ್ದು ಬರೆದರು ಎಂದು ಮೂರು ಕಲಮುಗಳಲ್ಲಿ ಬರೆಯಿರಿ. ರಾಜೇಂದ್ರನಾಮೆ ಅರಸನ ಅಪ್ಪಣೆಯಿಂದ ಹುಟ್ಟಿದ್ದು. ಸುಲ್ತಾನನ ಕಡೆಯ ಪಾರಸಿ ಬರಹಗಳು ಸುಲ್ತಾನನಿಗಾಗಿ ಹುಟ್ಟಿದವು. ಕಂಪನಿಯ ಅಧಿಕಾರಿಗಳಿಗೆ ತಮ್ಮ ಆಳ್ವಿಕೆಯನ್ನು ಸಮರ್ಥಿಸಿಕೊಳ್ಳುವ ಅಗತ್ಯವಿತ್ತು. ಮನೆಯ ನೆನಪು ಸಂಖ್ಯೆಯನ್ನು ಹೇಳಲಾರದು, ಆದರೆ ಯಾವ ಒಕ್ಕ ಖಾಲಿಯಾಯಿತು, ಯಾವ ಮನೆ ಮತ್ತೆ ಎದ್ದಿತು ಎಂಬುದನ್ನು ಹೇಳಬಲ್ಲದು. ಎಲ್ಲವನ್ನೂ ಒಂದೇ ಹಾಳೆಯಲ್ಲಿಟ್ಟಾಗ ಯಾರ ನೋವನ್ನೂ ಅಲ್ಲಗಳೆಯದೆ ಮಾತಾಡಲು ನೆಲ ಸಿಗುತ್ತದೆ. ಇಂದಿನ ನೆರೆಹೊರೆಯವರ ಮೇಲೆ ಅಂದಿನ ದಂಡಿನ ಹೊಣೆಯನ್ನು ಹೊರಿಸುವ ಮಾತು ಸಭೆಯಲ್ಲಿ ಬಂದರೆ, ಅದನ್ನು ಅಲ್ಲಿಯೇ ತಡೆಯುವುದು ಸಂಚಾಲಕರ ಕರ್ತವ್ಯ.

ಎಂಟನೆಯ ಹೆಜ್ಜೆ: ನಿಮ್ಮೂರಿನಲ್ಲೇ ಒಂದು ಸಭೆ

ಒಂದು ವರ್ಷದ ಕೆಲಸದ ಬಳಿಕ ಊರಿನಲ್ಲೇ ಸಭೆ ಕರೆಯಿರಿ. ದೊಡ್ಡ ವೇದಿಕೆ ಬೇಡ. ಶಾಲೆಯ ಕೊಠಡಿ, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಅಥವಾ ದೇವಸ್ಥಾನದ ಚಾವಡಿ ಸಾಕು. ಭಾನುವಾರ ಮಧ್ಯಾಹ್ನ ಎರಡೂವರೆಗೆ ಆರಂಭಿಸಿ ಐದಕ್ಕೆ ಮುಗಿಸಿದರೆ ದೂರದವರಿಗೆ ಬಸ್ಸು ಸಿಗುತ್ತದೆ, ಕಾಡಂಚಿನ ದಾರಿಯವರು ಆನೆಯ ಹೊತ್ತಿಗೆ ಮುನ್ನ ಮನೆ ಸೇರುತ್ತಾರೆ. ಇಬ್ಬರು ಮಾತಾಡಲಿ: ದಾಖಲೆ ಓದಿದ ಒಬ್ಬರು, ಊರಿನ ನೆನಪು ಬಲ್ಲ ಒಬ್ಬರು, ತಲಾ ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಪ್ರಶ್ನೆಗೆ. ಸನ್ಮಾನ, ಸ್ವಾಗತ, ವಂದನಾರ್ಪಣೆಗಳಿಗೆ ಹತ್ತು ನಿಮಿಷ ಮೀರಬಾರದೆಂದು ಮೊದಲೇ ತೀರ್ಮಾನಿಸಿ, ಏಕೆಂದರೆ ನಮ್ಮ ಅನೇಕ ಒಳ್ಳೆಯ ಸಭೆಗಳಲ್ಲಿ ಉಪನ್ಯಾಸಕ್ಕೆ ಸಿಗಬೇಕಾದ ಹೊತ್ತನ್ನು ಶಾಲು ಹಾರಗಳು ತಿಂದುಬಿಡುತ್ತವೆ. ಒಂದು ಮೇಜಿನ ಮೇಲೆ, ಜನ ತಂದ ಹಳೆಯ ಫೋಟೋಗಳನ್ನು ಪ್ರತಿ ಮಾಡಿ ಆಗಲೇ ಹಿಂದಿರುಗಿಸುವ ವ್ಯವಸ್ಥೆಯಿರಲಿ. ಫೋಟೋದಲ್ಲಿರುವವರ ಹೆಸರು, ವರ್ಷ, ತಂದವರ ಹೆಸರನ್ನು ನೋಂದಣಿ ಪುಸ್ತಕದಲ್ಲಿ ಬರೆಯುವ ಕೆಲಸವನ್ನು ಪ್ರೌಢಶಾಲೆಯ ಇಬ್ಬರು ಮಕ್ಕಳಿಗೆ ಒಪ್ಪಿಸಿ.

ಸಭೆಯ ವಿಷಯಕ್ಕೆ ಒಂದು ಸಲಹೆ. 1952ರಿಂದ 1956ರವರೆಗೆ ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆಯಿತ್ತು, ಸಿ. ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದರು. ಆ ಚುನಾವಣೆಯಲ್ಲಿ ಮತ ಹಾಕಿದವರು ಈಗ ತೊಂಬತ್ತು ದಾಟಿದ್ದಾರೆ. ವಿಲೀನವನ್ನು ಬಯಸಿದವರೂ ಬೇಡವೆಂದವರೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇದ್ದರು. ಬೇರೆ ವಿಷಯಗಳು ಮುಂದಿನ ವರ್ಷಕ್ಕೆ ಕಾಯಬಹುದು; ಇದು ಕಾಯಲಾರದು.

ಕೊನೆಯ ಹೆಜ್ಜೆ: ಹಿಂದಿರುಗಿಸುವುದು

ಧ್ವನಿಮುದ್ರಿಕೆಯ ಫೈಲಿಗೆ ಇಸವಿ, ತಿಂಗಳು, ದಿನ, ಊರು, ಹೇಳಿದವರ ಹೆಸರು ಎಂಬ ಕ್ರಮದಲ್ಲಿ ಹೆಸರಿಟ್ಟು ಎರಡು ಬೇರೆ ಬೇರೆ ಮನೆಗಳಲ್ಲಿ ಪ್ರತಿ ಇಡಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯ ಜೊತೆಗೆ ಮನೆಯ ಕಾಗದಗಳೂ ಹೋದದ್ದನ್ನು ನಾವು ಕಂಡಿದ್ದೇವೆ. ಬರೆದದ್ದರ ಒಂದು ಪ್ರತಿ ಊರಿನ ಶಾಲೆಗೆ, ಇನ್ನೊಂದು ಗ್ರಂಥಾಲಯಕ್ಕೆ. ಆದರೆ ಎಲ್ಲಕ್ಕಿಂತ ಮೊದಲನೆಯ ಪ್ರತಿ, ದಪ್ಪ ಅಕ್ಷರಗಳಲ್ಲಿ ಮುದ್ರಿಸಿದ್ದು, ನಿಮಗೆ ಹೇಳಿದ ಹಿರಿಯರ ಕೈಗೆ ಹೋಗಬೇಕು. ಕಣ್ಣು ಮಂಜಾಗಿದ್ದರೆ ಪಕ್ಕದಲ್ಲಿ ಕುಳಿತು ಓದಿ ಹೇಳಿ. ಓದುವಾಗ ಪೆನ್ಸಿಲ್ ಕೈಯಲ್ಲಿರಲಿ, ‘ಅದು ಹಾಗಲ್ಲ’ ಎಂದು ಅವರು ತಡೆದ ಕಡೆಯಲ್ಲೆಲ್ಲ ಅಂಚಿನಲ್ಲಿ ಬರೆದುಕೊಳ್ಳಿ.